ಫೈಲ್ ಹೆಸರಲ್ಲಿ ಸ್ಪೇಸ್, ಬ್ರ್ಯಾಕೆಟ್, ಕನ್ನಡ ಇದ್ದರೆ ಶೆಲ್ ಸ್ಕ್ರಿಪ್ಟ್ ಯಾಕೆ ಕೈಕೊಡುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಗಿರಾಕಿಗಳು ಕಳಿಸಿದ ಪಿಡಿಎಫ್‌ಗಳನ್ನು ದಿನಾ ರಾತ್ರಿ ಬ್ಯಾಕಪ್ ಡಿಸ್ಕಿಗೆ ಹಾಕಲು ಸಣ್ಣ ಬ್ಯಾಶ್ ಸ್ಕ್ರಿಪ್ಟ್ ಬರೆದಿದ್ದೀರಿ (ಬ್ಯಾಶ್ ಅಂದರೆ ಲಿನಕ್ಸಿನಲ್ಲಿ ಕಮಾಂಡ್‌ಗಳನ್ನು ಓದಿ ಓಡಿಸುವ ಒಂದು ಶೆಲ್). ‘ಬೆಟಗೇರಿ ಲಗ್ನಪತ್ರಿಕೆ ಫೈನಲ್ (2).ಪಿಡಿಎಫ್’ ತರಹದ ಹೆಸರು ಬಂದ ಕೂಡಲೇ ಅದು ‘ಅಂಥ ಫೈಲೇ ಇಲ್ಲ’ ಅನ್ನುತ್ತದೆ. ಎಲ್ಲ ಹೆಸರಲ್ಲೂ ಸ್ಪೇಸ್ ತೆಗೆದು ಅಂಡರ್‌ಸ್ಕೋರ್ ಹಾಕಿಬಿಡಲಾ ಅಂತ ಕೇಳಿದ್ದೀರಿ.

ಬೇಡ. ಹೆಸರು ಸರಿಯಾಗೇ ಇದೆ, ಸರಿ ಇಲ್ಲದ್ದು ಸ್ಕ್ರಿಪ್ಟ್. ಹೆಸರು ಬದಲಿಸಲಿಕ್ಕೂ ಒಂದು ಸ್ಕ್ರಿಪ್ಟ್ ಬೇಕು, ಅದೂ ಇದೇ ಜಾಗದಲ್ಲಿ ಮುಗ್ಗರಿಸುತ್ತದೆ. ಮೇಲಾಗಿ ನಾಳೆ ಗಿರಾಕಿ ಫೋನ್ ಮಾಡಿ ತಾವಿಟ್ಟ ಹೆಸರನ್ನೇ ಹೇಳುತ್ತಾರೆ, ನೀವು ಹುಡುಕುತ್ತಾ ಕೂರಬೇಕು. ನಾನು ಹುಬ್ಬಳ್ಳಿಯಲ್ಲಿ ಇಂಥದೇ ಸರ್ವರ್ ನೋಡಿಕೊಳ್ಳುತ್ತೇನೆ. ಹೆಸರು ಇಡೋರು ನಾವಲ್ಲ ಅಂತ ಒಪ್ಪಿಕೊಂಡು ಸ್ಕ್ರಿಪ್ಟ್ ಬರೆದರೆ ತಲೆನೋವು ಎಷ್ಟೋ ಕಡಿಮೆ.

ಲಿನಕ್ಸಿನಲ್ಲಿ ಫೈಲ್ ಹೆಸರಿನೊಳಗೆ ಬರಬಾರದ್ದು ಎರಡೇ: ಫೋಲ್ಡರ್ ಬೇರ್ಪಡಿಸುವ / ಗುರುತು, ಮತ್ತು ನಲ್ ಅನ್ನುವ ಸೊನ್ನೆ ಬೈಟ್. ಉಳಿದದ್ದೆಲ್ಲ ನಡೆಯುತ್ತದೆ. ಸ್ಪೇಸ್, ಕೋಟ್, ಡಾಲರ್, ಕೊನೆಗೆ ಹೊಸ ಸಾಲು ಕೂಡ.

ಈಗ ನಿಮ್ಮ ಸಾಲು ನೋಡೋಣ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿ.)

ಫಾರ್ ಎಫ್ ಇನ್ $(ಎಲ್‌ಎಸ್ *.ಪಿಡಿಎಫ್); ಡು ಸಿಪಿ $ಎಫ್ /ಬ್ಯಾಕಪ್/; ಡನ್

ಸಿಪಿ ಅಂದರೆ ನಕಲು ಮಾಡುವ ಕಮಾಂಡ್, ಎಲ್‌ಎಸ್ ಅಂದರೆ ಫೈಲ್‌ಗಳ ಪಟ್ಟಿ ಕೊಡುವ ಕಮಾಂಡ್. ಎಲ್‌ಎಸ್ ಕೊಡುವುದು ಬರೀ ಅಕ್ಷರಗಳ ರಾಶಿ. ಒಂದು ಹೆಸರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದು ಅದರಲ್ಲಿ ಉಳಿಯುವುದಿಲ್ಲ. ಶೆಲ್ ಅದನ್ನು ಸ್ಪೇಸ್, ಟ್ಯಾಬ್, ಹೊಸ ಸಾಲು ಇದ್ದ ಕಡೆಯೆಲ್ಲ ತುಂಡು ಮಾಡುತ್ತದೆ. ನಿಮ್ಮ ಲಗ್ನಪತ್ರಿಕೆ ನಾಲ್ಕು ತುಂಡಾಯಿತು: ‘ಬೆಟಗೇರಿ’, ‘ಲಗ್ನಪತ್ರಿಕೆ’, ‘ಫೈನಲ್’, ‘(2).ಪಿಡಿಎಫ್’. ಇವುಗಳಲ್ಲಿ ಯಾವ ಹೆಸರಿನ ಫೈಲೂ ಇಲ್ಲ, ಅಲ್ವಾ? ದುಂಡು ಬ್ರ್ಯಾಕೆಟ್ ಮೇಲೆ ನಿಮಗೆ ಅನುಮಾನ ಇದ್ದಂತಿದೆ. ಅದನ್ನು ನೇರ ಟೈಪ್ ಮಾಡಿದರೆ ಶೆಲ್ ಕೂಗಾಡುತ್ತದೆ, ನಿಜ. $ಎಫ್ ತರಹದ ವೇರಿಯಬಲ್ ಒಳಗಿದ್ದರೆ ಅದರಿಂದ ಏನೂ ತೊಂದರೆ ಇಲ್ಲ.

ನಿಜವಾದ ಅಪಾಯ ಚೌಕ ಬ್ರ್ಯಾಕೆಟ್‌ನದು. ಒಂದೇ ಫೋಲ್ಡರಿನಲ್ಲಿ ‘ಬ್ಯಾನರ್[2].ಪಿಡಿಎಫ್’, ‘ಬ್ಯಾನರ್2.ಪಿಡಿಎಫ್’ ಎರಡೂ ಇವೆ ಅಂದುಕೊಳ್ಳಿ. ಮೊದಲನೆಯದನ್ನು ಅಳಿಸಲು ಆರ್‌ಎಂ $ಎಫ್ ಅಂತೀರಿ. ಕೋಟ್ ಇಲ್ಲದ್ದರಿಂದ ಶೆಲ್ [2] ಅನ್ನು ಹೆಸರಿನ ಭಾಗ ಅಂತ ನೋಡುವುದಿಲ್ಲ, ‘ಇಲ್ಲಿ 2 ಅನ್ನುವ ಒಂದು ಅಕ್ಷರ ಇರುವ ಫೈಲ್ ಹುಡುಕು’ ಅಂತ ಓದುತ್ತದೆ. ಸಿಗುವುದು ಎರಡನೆಯದು. ಅದೇ ಅಳಿಸಿಹೋಗುತ್ತದೆ. ಎರರ್ ಇಲ್ಲ, ಏನಿಲ್ಲ. ನಿಮ್ಮ ಸ್ಕ್ರಿಪ್ಟ್ ಕೂಗಿಕೊಂಡಿತಲ್ಲ, ಅದೇ ಪುಣ್ಯ.

ಮದ್ದು ಒಂದೇ: ವೇರಿಯಬಲ್ ಬಳಸುವ ಕಡೆಯೆಲ್ಲ ಡಬಲ್ ಕೋಟ್. "$ಎಫ್" ಅಂತ ಬರೆದರೆ ಅದು ಮುಚ್ಚಿದ ಲಕೋಟೆ ಇದ್ದ ಹಾಗೆ, ಶೆಲ್ ಒಳಗಿನದನ್ನು ಓದದೆ ಹಾಗೇ ಮುಂದಕ್ಕೆ ದಾಟಿಸುತ್ತದೆ. ಎಲ್‌ಎಸ್ ಕಿತ್ತುಹಾಕಿ, ಹೀಗೆ ಬರೆಯಿರಿ:

ಫಾರ್ ಎಫ್ ಇನ್ ./*.ಪಿಡಿಎಫ್; ಡು [ -ಇ "$ಎಫ್" ] || ಕಂಟಿನ್ಯೂ; ಸಿಪಿ "$ಎಫ್" /ಬ್ಯಾಕಪ್/; ಡನ್

ನಕ್ಷತ್ರದಿಂದ ಬಂದ ಹೆಸರುಗಳನ್ನು ಶೆಲ್ ಮತ್ತೆ ತುಂಡು ಮಾಡುವುದಿಲ್ಲ, ಆ ಭಯ ಬೇಡ. ನಡುವಿನ ಕಂಟಿನ್ಯೂ ಯಾಕೆಂದರೆ, ಫೋಲ್ಡರಿನಲ್ಲಿ ಒಂದೂ ಪಿಡಿಎಫ್ ಇಲ್ಲದ ದಿನ ಬ್ಯಾಶ್ ಆ ನಕ್ಷತ್ರವನ್ನೇ ಹೆಸರು ಅಂತ ಕೊಡುತ್ತದೆ, ಅಂಥ ಫೈಲ್ ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗಲಿ ಅಂತ. ಮುಂದಿನ ./ ಕೂಡ ಸುಮ್ನೆ ಅಲ್ಲ. ಹೆಸರು ಗೆರೆಯಿಂದ (-) ಶುರುವಾದರೆ ಕಮಾಂಡ್ ಅದನ್ನು ಆಪ್ಷನ್ ಅಂದುಕೊಳ್ಳುತ್ತದೆ. ‘-ಆರ್‌ಎಫ್’ ಅಂತಲೇ ಹೆಸರಿರುವ ಫೈಲ್ ಇರುವ ಕಡೆ ಆರ್‌ಎಂ * ಹೊಡೆದರೆ ಏನಾಗುತ್ತದೆ ಅಂತ ಯೋಚಿಸಿ (ಆರ್‌ಎಂಗೆ ಅದು ‘ಕೇಳದೆ, ಫೋಲ್ಡರ್ ಸಮೇತ ಅಳಿಸು’ ಅನ್ನುವ ಆಪ್ಷನ್). ಹೆಸರಿನ ಮುಂಚೆ -- ಹಾಕಿದರೂ ನಡೆಯುತ್ತದೆ, ಆದರೆ ಎಲ್ಲ ಕಮಾಂಡ್‌ಗೂ ಅದು ಗೊತ್ತಿಲ್ಲ. ./ ಎಲ್ಲ ಕಡೆ ನಡೆಯುತ್ತದೆ, ಅದಕ್ಕೇ ನನಗೆ ಅದೇ ಇಷ್ಟ.

ಫೋಲ್ಡರ್ ಒಳಗೆ ಫೋಲ್ಡರ್ ಇದ್ದರೆ ಎಲ್ಲದರೊಳಗೂ ಹುಡುಕುವ ಫೈಂಡ್ ಕಮಾಂಡ್ ಬೇಕು. ಹೆಸರಿನಲ್ಲಿ ಬರಲಾರದ ಆ ನಲ್ ಬೈಟನ್ನೇ ನಡುವಿನ ಗಡಿ ಮಾಡಿಕೊಳ್ಳಿ:

ಫೈಂಡ್ . -ಟೈಪ್ ಎಫ್ -ಐನೇಮ್ '*.ಪಿಡಿಎಫ್' -ಪ್ರಿಂಟ್0 | ವೈಲ್ ಐಎಫ್‌ಎಸ್= ರೀಡ್ -ಆರ್ -ಡಿ '' ಎಫ್; ಡು … ಡನ್

ಐಎಫ್‌ಎಸ್ (ಎಲ್ಲೆಲ್ಲಿ ತುಂಡು ಮಾಡಬೇಕು ಅಂತ ಶೆಲ್‌ಗೆ ಹೇಳುವ ವೇರಿಯಬಲ್) ಖಾಲಿ ಬಿಟ್ಟದ್ದು ಹೆಸರಿನ ಹಿಂದೆ ಮುಂದೆ ಇರುವ ಸ್ಪೇಸ್ ಉಳಿಯಲಿ ಅಂತ, -ಆರ್ ಹಾಕಿದ್ದು ಬ್ಯಾಕ್‌ಸ್ಲ್ಯಾಶ್ ಉಳಿಯಲಿ ಅಂತ. -ಐನೇಮ್ ಇದ್ದರೆ ದೊಡ್ಡಕ್ಷರದ ಪಿಡಿಎಫ್ ಕೂಡ ಸಿಗುತ್ತದೆ. ಈ -ಪ್ರಿಂಟ್0 ಬಹಳ ವರ್ಷ ಗ್ನೂ, ಬಿಎಸ್‌ಡಿ ಕಡೆಯವರ ಸ್ವಂತ ಸೇರ್ಪಡೆಯಾಗಿತ್ತು, ಯುನಿಕ್ಸ್ ತರಹದ ಸಿಸ್ಟಮ್‌ಗಳ ಮಾನದಂಡವಾದ ಪಾಸಿಕ್ಸ್‌ನ 2024ರ ಆವೃತ್ತಿಯಲ್ಲಿ ಅಧಿಕೃತವಾಯಿತು. ಒಂದು ಮಾತ್ರ ಮಾಡಬೇಡಿ: ಕೊಟ್ಟ ಸಾಲನ್ನು ಕಮಾಂಡ್ ಆಗಿ ಓಡಿಸುವ ಎಸ್‌ಎಚ್ -ಸಿ ಹಾಕಿ, ಅದರ ಕೋಟಿನೊಳಗೆ ಫೈಂಡ್‌ನ {} (ಸಿಕ್ಕ ಹೆಸರು ಬಂದು ಕೂರುವ ಜಾಗ) ತುರುಕುವುದು. ಆಗ ಗಿರಾಕಿ ಇಟ್ಟ ಹೆಸರೇ ಕಮಾಂಡ್ ಆಗಿ ಓಡುತ್ತದೆ. ಹೆಸರಿನಲ್ಲಿ ಒಂದು ಡಾಲರ್, ಬ್ರ್ಯಾಕೆಟ್ ಇಟ್ಟು ಕಳಿಸಿದರೆ ನಿಮ್ಮ ಮಷೀನಿನಲ್ಲಿ ಅವರಿಗೆ ಬೇಕಾದ್ದು ನಡೆಯುತ್ತದೆ.

ಇಷ್ಟೆಲ್ಲ ಹೇಳಿದೆ. ಆದರೆ ನಿಮ್ಮ ಕೆಲಸಕ್ಕೆ ಲೂಪೇ ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಇಡೀ ಫೋಲ್ಡರನ್ನೇ ನಕಲು ಮಾಡುವ ಆರ್‌ಸಿಂಕ್ ಅನ್ನುವ ಟೂಲಿಗೆ -ಎ ಕೊಟ್ಟು ಎರಡು ಫೋಲ್ಡರ್ ತೋರಿಸಿ, ಮುಗೀತು. ಒಂದೊಂದು ಹೆಸರೂ ಶೆಲ್ ಕೈಗೆ ಬರುವುದೇ ಇಲ್ಲ. ಇನ್ನೊಂದು ಲಾಭ ಇದೆ. ಪ್ರತಿ ಗಿರಾಕಿಯ ಫೋಲ್ಡರಿನಲ್ಲೂ ಒಂದು ‘ಫೈನಲ್.ಪಿಡಿಎಫ್’ ಇದ್ದೇ ಇರುತ್ತದೆ. ಎಲ್ಲವನ್ನೂ ಒಂದೇ ಕಡೆ ಸಿಪಿ ಮಾಡಿದರೆ ಒಂದರ ಮೇಲೊಂದು ಬಿದ್ದು ಕೊನೆಯದಷ್ಟೇ ಉಳಿಯುತ್ತದೆ. ಆರ್‌ಸಿಂಕ್ ಫೋಲ್ಡರ್‌ಗಳನ್ನು ಹಾಗೇ ಇಡುತ್ತದೆ.

‘ಎಲ್‌ಎಸ್ ಹೊಡೆದರೆ ಹೆಸರಿನ ಸುತ್ತ ಒಂಟಿ ಕೋಟ್ ಕಾಣುತ್ತದೆ, ಅದನ್ನು ತೆಗೆಯೋದು ಹೇಗೆ’ ಅಂತಲೂ ಕೇಳಿದ್ದಿರಿ. ಅದು ಹೆಸರಿನಲ್ಲಿ ಇಲ್ಲವೇ ಇಲ್ಲ. ಎಲ್‌ಎಸ್, ಸಿಪಿ ತರಹದ ಕಮಾಂಡ್‌ಗಳ ಕಟ್ಟಾದ ಗ್ನೂ ಕೋರ್‌ಯುಟಿಲ್ಸ್‌ನ 2016ರ 8.25 ಆವೃತ್ತಿಯಿಂದ ಎಲ್‌ಎಸ್ ಟರ್ಮಿನಲ್‌ನಲ್ಲಿ ಹಾಗೆ ತೋರಿಸುತ್ತದೆ, ಅಷ್ಟೇ.

ಸ್ಕ್ರಿಪ್ಟನ್ನು ಒಮ್ಮೆ ಶೆಲ್‌ಚೆಕ್ ಅನ್ನುವ ತಪ್ಪು ಹಿಡಿಯುವ ಟೂಲಿಗೆ ಹಾಕಿ. ಎಸ್‌ಸಿ2086 ಅಂತ ಬಂದ ಕಡೆಯೆಲ್ಲ ಕೋಟ್ ಬಿಟ್ಟುಹೋಗಿದೆ ಅಂತ ಅರ್ಥ.

ಇನ್ನು ಕನ್ನಡ ಹೆಸರಿನ ವಿಷಯ. ಶೆಲ್‌ಗೆ ಕನ್ನಡದಿಂದ ತೊಂದರೆ ಇಲ್ಲ, ಕೋಟ್ ಇದ್ದರೆ ಸಾಕು. ತೊಂದರೆ ಇರುವುದು ಕಣ್ಣಿಗೆ ಒಂದೇ ತರಹ ಕಂಡು ಒಳಗೆ ಬೇರೆ ಇರುವ ಹೆಸರುಗಳಲ್ಲಿ. ‘ಫೋಟೋ’ ತಗೊಳ್ಳಿ. ಸಾಮಾನ್ಯವಾಗಿ ಅದು ನಾಲ್ಕು ಯುನಿಕೋಡ್ ಕೋಡ್ (ಎರಡು ಅಕ್ಷರ, ಎರಡು ಓಕಾರ), ಯುಟಿಎಫ್-8ರಲ್ಲಿ 12 ಬೈಟ್. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಅದರ ಓಕಾರವನ್ನು ಮೂರು ಭಾಗ ಮಾಡಿ ಇಡುತ್ತದೆ, ಆಗ 24 ಬೈಟ್. ಲಿನಕ್ಸ್‌ಗೆ ಇವು ಎರಡು ಬೇರೆ ಫೈಲ್. ‘ಕಾರ್ಡ್‌ಗಳು’ ಅಂತ ಬರೆಯುವಾಗ ನಡುವೆ ಬರುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ (ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಕೋಡ್) ಕೂಡ ಹೀಗೇ. ಬ್ಯಾಕಪ್‌ನಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ಗಾಬರಿ ಬೇಡ, ಇವನ್ನು ನೋಡಿ. ಮ್ಯಾಕ್‌ನಿಂದ ಬಂದದ್ದನ್ನು ಕಾನ್ವ್‌ಎಂವಿ ಅನ್ನುವ ಟೂಲ್ --ಎನ್‌ಎಫ್‌ಸಿ ಆಪ್ಷನ್ ಕೊಟ್ಟರೆ ಸರಿಮಾಡುತ್ತದೆ. --ನೋಟೆಸ್ಟ್ ಹಾಕುವವರೆಗೆ ಅದು ಬರೀ ತೋರಿಸುತ್ತದೆ, ಬದಲಿಸುವುದಿಲ್ಲ, ಹಾಗಾಗಿ ಧೈರ್ಯವಾಗಿ ಓಡಿಸಿ ನೋಡಬಹುದು.

ಹೆಸರು ಬದಲಿಸಲೇಬೇಕಾದ ಒಂದು ಸಂದರ್ಭ ಇದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ಫಾರ್ಮ್ಯಾಟಿನ ಡಿಸ್ಕಿನಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಒಂದೊಂದು ಕೋಡಿಗೂ ಮೂರು ಬೈಟ್, ಒತ್ತು, ಕಾಗುಣಿತ ಎಲ್ಲ ಲೆಕ್ಕಕ್ಕೆ ಬರುತ್ತದೆ. ‘ಹುಬ್ಬಳ್ಳಿ’ ಒಂದೇ 27 ಬೈಟ್. ವಿಂಡೋಸ್‌ನಲ್ಲಿ ಕನ್ನಡಕ್ಕೆ ಜಾಗ ಜಾಸ್ತಿ, ಅಲ್ಲಿ ವಧು-ವರರ ಹೆಸರು, ತಂದೆ-ತಾಯಿ, ಊರು, ಕಲ್ಯಾಣ ಮಂಟಪ ಎಲ್ಲ ಸೇರಿಸಿ ಫೈಲಿಗೆ ಹೆಸರಿಟ್ಟಿರುತ್ತಾರೆ. ಅದು ಲಿನಕ್ಸ್ ಡಿಸ್ಕಿಗೆ ಬರುವುದೇ ಇಲ್ಲ, ‘ಹೆಸರು ತುಂಬಾ ಉದ್ದ’ ಅಂತ ಎರರ್ ಕೊಡುತ್ತದೆ. ಅಂಥವನ್ನು ಮಾತ್ರ ಕೈಯಾರೆ ಗಿಡ್ಡ ಮಾಡಿ, ಗಿರಾಕಿಗೂ ಒಂದು ಮಾತು ಹೇಳಿಬಿಡಿ.