ಸೊನ್ನೆ ಬಿಟ್ಟುಹೋಗಿಲ್ಲ!

ಧಾರವಾಡದ ಓದುಗರೊಬ್ಬರು ಬರೆಯುತ್ತಾರೆ: "ಕಳೆದ ಸಂಚಿಕೆಯ ಪ್ರವಾಸ ಲೇಖನದಲ್ಲಿ ‘ಮಧ್ಯಯುಗದಲ್ಲಿ ಕೊಲೋನ್ ಜರ್ಮನಿಯ ಅತಿ ದೊಡ್ಡ ನಗರ, ಜನಸಂಖ್ಯೆ ಸುಮಾರು 40,000’ ಎಂದು ಅಚ್ಚಾಗಿದೆ. ಒಂದು ಸೊನ್ನೆ ಬಿಟ್ಟುಹೋಗಿರಬೇಕು. ನನ್ನ ಮಗಳು ಅಲ್ಲೇ ಓದುತ್ತಿದ್ದಾಳೆ. ಈಗ 11 ಲಕ್ಷದ ಹತ್ತಿರ ಜನ ಇದ್ದಾರಂತೆ. ಎರಡು ಸಾವಿರ ವರ್ಷದ ಊರು ಬರೀ 40 ಸಾವಿರಕ್ಕೆ ದೊಡ್ಡದು ಅನ್ನಿಸಿಕೊಂಡಿತ್ತು ಅಂದರೆ ನಂಬೋದು ಹೇಗೆ? ತಿದ್ದುಪಡಿ ಹಾಕಿ."

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ನನಗೂ ಒಂದು ಕ್ಷಣ ಅನುಮಾನ ಬಂತು, ಸುಳ್ಳು ಹೇಳಲ್ಲ. ಸೊನ್ನೆ ನುಂಗುವುದರಲ್ಲಿ ನಮ್ಮ ಪತ್ರಿಕೆಗೆ ಒಳ್ಳೆಯ ಅನುಭವವಿದೆ. ಆದರೆ ಈ ಸಲ ಸೊನ್ನೆಗಳೆಲ್ಲ ಅವುಗಳ ಜಾಗದಲ್ಲೇ ಇವೆ. ಆ ಕಾಲಕ್ಕೆ 40 ಸಾವಿರ ಅಂದರೆ ಜರ್ಮನ್ ನಾಡಿನಲ್ಲೇ ಜಾಸ್ತಿ.

ಊರಿನ ಹೆಸರಿನಿಂದಲೇ ಶುರು ಮಾಡೋಣ. ಕೊಲೋನ್ ಅಂದರೆ ‘ಕೊಲೋನಿಯಾ’, ರೋಮನ್ನರ ವಸಾಹತು. ರೈನ್ ನದಿಯ ಬಲದಂಡೆಯಲ್ಲಿದ್ದ ಉಬಿ ಎಂಬ ಜನರನ್ನು ರೋಮನ್ನರು ಎಡದಂಡೆಗೆ ತಂದು ಕೂರಿಸಿದರು. ಕ್ರಿ.ಶ. 50ರಲ್ಲಿ ಊರಿಗೆ ವಸಾಹತಿನ ಪದವಿ ಸಿಕ್ಕಿತು. ಅದನ್ನು ಕೊಡಿಸಿದವಳು ಚಕ್ರವರ್ತಿ ಕ್ಲಾಡಿಯಸ್‌ನ ಹೆಂಡತಿ, ನೀರೋನ ತಾಯಿ ಅಗ್ರಿಪ್ಪಿನಾ. ಅವಳು ಹುಟ್ಟಿದ್ದು ಅಲ್ಲೇ, ಅದು ತವರಿಗೆ ಕೊಟ್ಟ ಉಡುಗೊರೆ. ಅಂದರೆ ಈ ಊರಿನ ಮೊದಲ ಜನವೇ ಹೊಳೆ ದಾಟಿ ಬಂದವರು. ಈ ಹೊಳೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಡುವಿನ ಸಾವಿರ ವರ್ಷ ಬಿಡುತ್ತೇನೆ. ರೋಮನ್ನರು ಹೋದರು, ಊರು ಕುಗ್ಗಿತು, ವ್ಯಾಪಾರದಿಂದ ಮತ್ತೆ ಚಿಗುರಿತು. 1180ರಲ್ಲಿ ಜನ ಒಂದು ದೊಡ್ಡ ಕೋಟೆಗೋಡೆ ಕಟ್ಟಲು ಹೊರಟರು. ಅರ್ಧಚಂದ್ರದ ಆಕಾರ, ಒಳಗೆ ಸುಮಾರು 400 ಹೆಕ್ಟೇರ್. ಅಷ್ಟೂ ಜಾಗಕ್ಕೆ ಸಾಕಾಗುವಷ್ಟು ಜನ ಇರಲಿಲ್ಲ. ಗೋಡೆಯ ಒಳಗೇ ದ್ರಾಕ್ಷಿ ತೋಟ, ತರಕಾರಿ ಮಡಿ, ಮಠಗಳ ಹಿತ್ತಲು. 1259ರಿಂದ ನದಿಯಲ್ಲಿ ಹಾದುಹೋಗುವ ವ್ಯಾಪಾರಿ ಅಲ್ಲಿ ಸರಕು ಇಳಿಸಿ, ಮೂರು ದಿನ ಊರಿನವರಿಗೆ ಕೊಳ್ಳಲು ಅವಕಾಶ ಕೊಟ್ಟೇ ಮುಂದೆ ಹೋಗಬೇಕು ಅನ್ನುವ ಕಾನೂನು ಬಂತು. ದುಡ್ಡು ಹರಿದುಬಂತು. ಇದೇ ಊರಿನ 40 ಸಾವಿರದ ಕಾಲ.

ಈಗ ನಿಮ್ಮ ನಿಜವಾದ ಪ್ರಶ್ನೆ: ಆಮೇಲೆ ಯಾಕೆ ಬೆಳೆಯಲಿಲ್ಲ? ಸುಮಾರು 500 ವರ್ಷ ಈ ಅಂಕಿ ಅಲ್ಲಲ್ಲೇ ಸುತ್ತಿತು. 1815ರಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಕೈಗೆ ಬಂದಾಗಲೂ ಹೆಚ್ಚೆಂದರೆ 50 ಸಾವಿರ.

ಒಂದು ಕಾರಣ ಎಲ್ಲ ಹಳೆಯ ಪಟ್ಟಣಗಳದ್ದೂ ಹೌದು. ಪ್ಲೇಗು, ಕೊಳಕು ನೀರು. ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ. ಹಳ್ಳಿಯಿಂದ ಜನ ಬರುತ್ತಲೇ ಇದ್ದರೆ ಮಾತ್ರ ಲೆಕ್ಕ ಸರಿದೂಗುತ್ತಿತ್ತು. ಎರಡನೆಯದು ಕೊಲೋನ್ ತಾನೇ ತಂದುಕೊಂಡದ್ದು. ಬರುವವರಿಗೆ ಬಾಗಿಲು ಹಾಕಿತು, ಇದ್ದವರನ್ನೂ ಓಡಿಸಿತು.

ಆಲ್ಪ್ಸ್‌ನ ಉತ್ತರಕ್ಕೆ ಯಹೂದಿಗಳು ಇದ್ದರು ಅನ್ನುವುದಕ್ಕೆ ಅತಿ ಹಳೆಯ ದಾಖಲೆ ಸಿಗುವುದು ಈ ಊರಿನ ಬಗ್ಗೆಯೇ, 321ರಲ್ಲಿ. ಸಾವಿರ ವರ್ಷ ಕಳೆದ ಮೇಲೆ, 1349ರಲ್ಲಿ, ಪ್ಲೇಗಿನ ಭಯ ಹಬ್ಬಿದ್ದಾಗ ಒಂದೇ ರಾತ್ರಿ ಅವರ ಕೇರಿಗೆ ನುಗ್ಗಿ ಕೊಂದರು. ಬದುಕಿದವರಿಗೆ ಆಮೇಲೆ ಮರಳಲು ಬಿಟ್ಟರು. 1424ರಲ್ಲಿ ಪೂರ್ತಿಯಾಗಿ ಹೊರಹಾಕಿದರು. ಹಲವರು ಹೊಳೆ ದಾಟಿ ಎದುರಿನ ದಂಡೆಯ ಡಾಯ್ಟ್ಸ್‌ಗೆ ಹೋದರು. ಮತ್ತೆ ಯಹೂದಿಗಳಿಗೆ ಊರೊಳಗೆ ಜಾಗ ಸಿಕ್ಕಿದ್ದು 18ನೇ ಶತಮಾನದ ಕೊನೆಗೆ, ಫ್ರೆಂಚರು ಬಂದ ಮೇಲೆ. ಕ್ಯಾಥೊಲಿಕ್ ಊರಾದ್ದರಿಂದ ಪ್ರೊಟೆಸ್ಟೆಂಟರಿಗೂ ಪೂರ್ತಿ ಹಕ್ಕು ಇರಲಿಲ್ಲ. 1714ರಲ್ಲಿ ಅವರಲ್ಲಿ ಹಲವು ವ್ಯಾಪಾರಿಗಳು ಬೇಸತ್ತು, ಅದೇ ಹೊಳೆ ದಾಟಿ ಮ್ಯುಲ್‌ಹೈಮ್‌ಗೆ ಗಂಟುಮೂಟೆ ಕಟ್ಟಿದರು. ಕೊಲೋನಿಗೆ ಬರಬಹುದಾಗಿದ್ದ ರೇಷ್ಮೆ ಕಾರ್ಖಾನೆ ಅಲ್ಲಿ ಎದ್ದಿತು.

ಊರು ನಿಂತುಹೋದದ್ದನ್ನು ಕಣ್ಣಿಂದಲೇ ನೋಡಬಹುದಾಗಿತ್ತು. ಪ್ರಸಿದ್ಧ ಕೆಥೆಡ್ರಲ್‌ನ ಕೆಲಸ 16ನೇ ಶತಮಾನದಲ್ಲಿ ನಿಂತಿತು. ದಕ್ಷಿಣದ ಗೋಪುರ ಅರ್ಧಕ್ಕೆ ನಿಂತಿತ್ತು. ಅದರ ತಲೆಯ ಮೇಲೆ ಕಲ್ಲು ಎತ್ತುವ ಮರದ ಕ್ರೇನ್ ಒಂದು ಹಾಗೇ ಉಳಿಯಿತು. ಒಂದೆರಡು ವರ್ಷ ಅಲ್ಲ, ಸುಮಾರು 300 ವರ್ಷ! ಊರಿನ ಹಳೆಯ ಚಿತ್ರಗಳಲ್ಲೆಲ್ಲ ಅದು ಕೊಕ್ಕರೆಯ ಕತ್ತಿನ ಹಾಗೆ ಕಾಣುತ್ತದೆ. ಕೆಲಸ ಮತ್ತೆ ಶುರುವಾದದ್ದು 1842ರಲ್ಲಿ, ಕ್ರೇನ್ ಇಳಿದದ್ದು 1868ರಲ್ಲಿ.

ನಡುವೆ ಒಂದು ಮಾತು. ನಮ್ಮ ಮನೆಗಳಲ್ಲಿ ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆಯ ಜೊತೆ ಹಾಕುತ್ತಿದ್ದ ಓಡಿಕೊಲೋನ್ ನೆನಪಿದೆಯಾ? ಆ ‘ಕೊಲೋನ್ ನೀರು’ ಈ ಊರಿನದು. ಅದನ್ನು 18ನೇ ಶತಮಾನದಲ್ಲಿ ಹೆಸರುವಾಸಿ ಮಾಡಿದ ಫರೀನಾ ಮನೆಯವರು ಇಟಲಿಯಿಂದ ಬಂದವರು. ಇನ್ನೊಂದು ಬ್ರ್ಯಾಂಡ್ 4711. ಅದು ಮನೆ ನಂಬರ್! ಫ್ರೆಂಚರ ಕಾಲದಲ್ಲಿ ಇಡೀ ಊರಿನ ಮನೆಗಳಿಗೆ ಬೀದಿ ಬೀದಿಗೆ ಬೇರೆ ಅಲ್ಲದೆ, ಒಂದರಿಂದ ಸಾಲಾಗಿ ನಂಬರ್ ಹಾಕಿದರು. ಇಡೀ ಊರನ್ನು ಹಾಗೆ ಒಂದೇ ಸಾಲಿನಲ್ಲಿ ಎಣಿಸಿ ಮುಗಿಸಬಹುದಾಗಿತ್ತು ಅನ್ನುವುದರಲ್ಲೇ ಅದರ ಗಾತ್ರ ಗೊತ್ತಾಗುತ್ತದೆ, ಅಲ್ವಾ?

ಆಮೇಲೆ ಬಂತು ರೈಲು, ಕಾರ್ಖಾನೆ. 1850ರ ದಶಕದ ಶುರುವಿಗೆ ಲಕ್ಷ ದಾಟಿತು. ದ್ರಾಕ್ಷಿ ತೋಟಗಳೆಲ್ಲ ಮನೆಗಳಾದವು. ಆದರೆ ಗೋಡೆ ಹಾಗೇ ಇತ್ತು. ಪ್ರಷ್ಯಾದ ಸೈನ್ಯಕ್ಕೆ ಅದು ಕೋಟೆ ಊರು. ಗೋಡೆಯಾಚೆ ಫಿರಂಗಿಗೆ ಅಡ್ಡ ಬರುವ ಹಾಗೆ ಗಟ್ಟಿ ಮನೆ ಕಟ್ಟುವಂತಿಲ್ಲ. ಹೀಗಾಗಿ 1880ರ ಹೊತ್ತಿಗೆ ಅದೇ 400 ಹೆಕ್ಟೇರಿನಲ್ಲಿ 1 ಲಕ್ಷ 40 ಸಾವಿರಕ್ಕೂ ಮಿಕ್ಕಿ ಜನ. ಕೊನೆಗೆ ನಗರಸಭೆ ತನ್ನದೇ ಗೋಡೆಯನ್ನು ಸೈನ್ಯದಿಂದ ದುಡ್ಡು ಕೊಟ್ಟು ಕೊಂಡುಕೊಳ್ಳಬೇಕಾಯಿತು. ಕೊಟ್ಟದ್ದು ಹತ್ತಿರ ಹತ್ತಿರ 1 ಕೋಟಿ 20 ಲಕ್ಷ ಮಾರ್ಕ್. 1881ರ ಜೂನ್ 11ರಂದು ಮದ್ದಿಟ್ಟು ಒಡೆಯಲು ಶುರು ಮಾಡಿದರು. 700 ವರ್ಷದ ಗೋಡೆ ಇದ್ದ ಜಾಗದಲ್ಲಿ ಈಗ ರಿಂಗ್ ರಸ್ತೆಗಳಿವೆ.

1888ರಲ್ಲಿ ಸುತ್ತಲಿನ ಊರುಗಳನ್ನು ಸೇರಿಸಿಕೊಂಡರು. ಊರಿನ ವಿಸ್ತೀರ್ಣ ಒಂದೇ ಏಟಿಗೆ ಹತ್ತು ಪಟ್ಟಿಗಿಂತ ಜಾಸ್ತಿಯಾಯಿತು. 1885ರಲ್ಲಿ 1,61,000 ಇದ್ದದ್ದು 1890ರಲ್ಲಿ 2,81,000. ಐದು ವರ್ಷದಲ್ಲಿ ಅಷ್ಟು ಮಕ್ಕಳು ಹುಟ್ಟಲಿಲ್ಲ, ಗೆರೆ ಆಚೆ ಸರಿಯಿತು ಅಷ್ಟೆ. ಹೊಳೆಯಾಚೆಯ ಡಾಯ್ಟ್ಸ್ ಸೇರಿದ್ದು ಆಗಲೇ. ಬೇಸತ್ತು ಹೋದ ಪ್ರೊಟೆಸ್ಟೆಂಟರ ಮ್ಯುಲ್‌ಹೈಮ್ ಸೇರಿದ್ದು 1914ರಲ್ಲಿ, ಸರಿಯಾಗಿ 200 ವರ್ಷದ ಮೇಲೆ. ಹಾಗಂತ ಎಡದಂಡೆಯವರ ಕೊಂಕು ಹೋಗಲಿಲ್ಲ. ಬಲದಂಡೆಗೆ ಅವರು ಇವತ್ತಿಗೂ ‘ಶೆಲ್ ಸಿಕ್’ ಅನ್ನುತ್ತಾರೆ. ಓರೆ ದಂಡೆ ಅಂತ ಇಟ್ಟುಕೊಳ್ಳಿ.

1939ರಲ್ಲಿ 7 ಲಕ್ಷ 70 ಸಾವಿರ. ಆಮೇಲಿನದ್ದು ನಿಮಗೆ ಗೊತ್ತಿರುವ ಇತಿಹಾಸ. 1941ರ ಅಕ್ಟೋಬರ್‌ನಿಂದ ಊರಿನ ಯಹೂದಿಗಳನ್ನು ರೈಲಿಗೆ ತುಂಬಿ ಪೂರ್ವದ ಘೆಟ್ಟೋಗಳಿಗೂ (ಯಹೂದಿಗಳನ್ನು ಕೂಡಿಹಾಕಿದ ಕೇರಿಗಳು) ಸಾವಿನ ಶಿಬಿರಗಳಿಗೂ ಕಳಿಸಿದರು. ರೈಲು ಹೊರಟದ್ದು ಡಾಯ್ಟ್ಸ್ ನಿಲ್ದಾಣದಿಂದ. 1942ರ ಮೇ 30ರ ರಾತ್ರಿ ಬ್ರಿಟಿಷರ ಸಾವಿರಕ್ಕೂ ಹೆಚ್ಚು ವಿಮಾನಗಳು ಈ ಒಂದೇ ಊರಿಗೆ ಬಾಂಬು ಹಾಕಲು ಹೊರಟವು. ದಾಳಿ ಅಲ್ಲಿಗೇ ನಿಲ್ಲಲಿಲ್ಲ. ಜನ ಹಳ್ಳಿಗಳಿಗೆ ಓಡಿದರು. 1945ರ ಮಾರ್ಚ್‌ನಲ್ಲಿ ಅಮೆರಿಕದ ಸೈನ್ಯ ಬಂದಾಗ ಇಡೀ ಊರಿನಲ್ಲಿ ಉಳಿದಿದ್ದವರು ಎಷ್ಟು ಗೊತ್ತಾ? ಅಂದಾಜು 40 ಸಾವಿರ. ನಿಮ್ಮ ಕಣ್ಣಿಗೆ ತಪ್ಪಾಗಿ ಕಂಡ ಅದೇ ಸಂಖ್ಯೆ.

ಆದರೆ ಜನ ವಾಪಸ್ ಬಂದ ವೇಗ ನೋಡಿ. ಮನೆ ಇಲ್ಲ, ಸೇತುವೆ ಇಲ್ಲ, ಸೌದೆ ಇಲ್ಲ. ಆದರೂ 1946ರ ಕೊನೆಗೆ 5 ಲಕ್ಷದ ಹತ್ತಿರ. ಆ ವರ್ಷದ ಕೊನೆಯ ದಿನ ಊರಿನ ಆರ್ಚ್‌ಬಿಷಪ್ ಕಾರ್ಡಿನಲ್ ಫ್ರಿಂಗ್ಸ್, ಬೇರೆ ದಾರಿಯಿಲ್ಲದೆ ಜೀವ ಉಳಿಸಿಕೊಳ್ಳಲು ಬೇಕಾದಷ್ಟು ತೆಗೆದುಕೊಂಡರೆ ತಪ್ಪಲ್ಲ ಎಂಬ ಅರ್ಥದಲ್ಲಿ ಚರ್ಚಿನಲ್ಲಿ ಮಾತಾಡಿದರು. ಜನ ಸುಮ್ನೆ ಬಿಡ್ತಾರಾ? ರೈಲಿನಿಂದ ಕಲ್ಲಿದ್ದಲು ಎತ್ತುವುದಕ್ಕೆ ‘ಫ್ರಿಂಗ್ಸನ್’ ಅಂತ ಹೊಸ ಕ್ರಿಯಾಪದವೇ ಹುಟ್ಟಿತು. ಪಾದ್ರಿಯ ಹೆಸರಲ್ಲಿ ಕಳ್ಳತನ!

ಇನ್ನು ಡಾಯ್ಟ್ಸ್ ನಿಲ್ದಾಣಕ್ಕೆ ಮತ್ತೆ ಹೋಗೋಣ. 1964ರ ಸೆಪ್ಟೆಂಬರ್ 10. ದುಡಿಮೆಗೆಂದು ಕರೆಸಿಕೊಂಡವರ ರೈಲು ಬಂದು ನಿಂತಿದೆ. ಧ್ವನಿವರ್ಧಕದಲ್ಲಿ ಒಂದು ಹೆಸರು ಕೂಗುತ್ತಿದ್ದಾರೆ: ಆರ್ಮಾಂಡೊ ರೊಡ್ರಿಗಸ್ ದ ಸಾ. ಪೋರ್ಚುಗಲ್‌ನ ಬಡಗಿ, 38 ವರ್ಷ. ವಾಪಸ್ ಕಳಿಸುತ್ತಾರೇನೋ ಅಂತ ಅವನು ಹೆದರಿದನಂತೆ. ನೋಡಿದರೆ ಹೂಗುಚ್ಛ, ಕ್ಯಾಮೆರಾ, ಒಂದು ಹೊಸ ಮೊಪೆಡ್! ಪಟ್ಟಿಯಿಂದ ಸುಮ್ನೆ ಆರಿಸಿ ಅವನನ್ನು ಜರ್ಮನಿಯ ಹತ್ತು ಲಕ್ಷನೇ ‘ಅತಿಥಿ ಕಾರ್ಮಿಕ’ ಮಾಡಿದ್ದರು. ಆ ಮೊಪೆಡ್ ಈಗ ಬಾನ್ ನಗರದ ಮ್ಯೂಸಿಯಂನಲ್ಲಿದೆ. ಅವನು ಕೊಲೋನಿನಲ್ಲಿ ನೆಲೆಸಲಿಲ್ಲ. ಕಾಯಿಲೆ ಬಿದ್ದು ಊರಿಗೆ ಮರಳಿ 1979ರಲ್ಲಿ ತೀರಿಕೊಂಡ. ಕೊಲೋನಿನಲ್ಲೇ ಉಳಿದವರಲ್ಲಿ ಫೋರ್ಡ್ ಕಾರ್ಖಾನೆಗೆ ಬಂದ ಟರ್ಕಿಯವರು ಬಹಳ ಜನ. ಮ್ಯುಲ್‌ಹೈಮ್‌ನ ಕೊಯ್ಪ್ ಬೀದಿ ಈಗ ಅವರದೇ ಅಂಗಡಿ, ಅವರದೇ ಮಿಠಾಯಿ.

ಹತ್ತು ಲಕ್ಷದ ಆಸೆ ಊರಿಗೂ ಇತ್ತು. 1975ರ ಜನವರಿ 1ಕ್ಕೆ ಪಕ್ಕದ ಕೆಲವು ಊರುಗಳನ್ನು ಸೇರಿಸಿಕೊಂಡು ಆ ಗಡಿ ದಾಟಿಯೇ ಬಿಟ್ಟಿತು. ಆದರೆ ದಕ್ಷಿಣದ ವೆಸೆಲಿಂಗ್ ಎಂಬ ಪುಟ್ಟ ಊರು ‘ನಾವು ಬರಲ್ಲ’ ಅಂತ ಕೋರ್ಟಿಗೆ ಹೋಗಿ ಗೆದ್ದಿತು. 1976ರ ಜುಲೈ 1ರಂದು ಅದು ಮತ್ತೆ ಸ್ವತಂತ್ರ. ಕೊಲೋನ್ ಹತ್ತು ಲಕ್ಷದಿಂದ ಕೆಳಗೆ. ಒಂದೂವರೆ ವರ್ಷದ ವೈಭೋಗ! ಮತ್ತೆ ಹತ್ತು ಲಕ್ಷ ಮುಟ್ಟಲು 2010ರವರೆಗೆ ಕಾಯಬೇಕಾಯಿತು. ಈ ಸಲ ಗೆರೆ ಸರಿಸಿಲ್ಲ, ಜನವೇ ಬಂದರು.

ಆ ಜನರಲ್ಲಿ ನಿಮ್ಮ ಮಗಳೂ ಒಬ್ಬಳು. ಅಲ್ಲಿ ಮನೆಗೆ ಹೋದ ಎರಡು ವಾರದೊಳಗೆ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಬರೆಸಿದ್ದರೆ ನೀವು ಹೇಳಿದ 11 ಲಕ್ಷದ ಲೆಕ್ಕದಲ್ಲಿ ಅವಳು ಸೇರಿಯಾಗಿದೆ. ಹೊರಗಿನಿಂದ ಬಂದು ನೆಲೆಸಿದವರನ್ನು ಊರಿನವರು ‘ಇಮಿ’ ಅನ್ನುತ್ತಾರೆ. ಯಾರಾದರೂ ಹಾಗೆ ಕರೆದರೆ, ಉಬಿ ಜನರ ಕತೆ ಹೇಳು ಅನ್ನಿ.

ತಿದ್ದುಪಡಿ ಕೇಳಿದ್ದೀರಿ. ಸಂಖ್ಯೆಗೆ ಬೇಕಾಗಿಲ್ಲ. ಆದರೆ ನಿಮ್ಮ ಪತ್ರದಿಂದಾಗಿ ಆ ಪುಟ ಮತ್ತೆ ತಿರುವಿದಾಗ ಇನ್ನೊಂದು ತಪ್ಪು ಸಿಕ್ಕಿತು. ಹಾನೆನ್‌ಟೋರ್ ಬಾಗಿಲಿನ ಫೋಟೋದ ಕೆಳಗೆ ‘ರೋಮನ್ ಗೋಡೆಯ ಬಾಗಿಲು’ ಅಂತ ಹಾಕಿದ್ದೇವೆ. ಅದು 1881ರಲ್ಲಿ ಒಡೆಯದೆ ಬಿಟ್ಟ, ಮಧ್ಯಯುಗದ ಗೋಡೆಯ ಬಾಗಿಲು. ಸಾವಿರ ವರ್ಷಕ್ಕೂ ಮಿಕ್ಕಿದ ವ್ಯತ್ಯಾಸ. ಅದನ್ನು ಈ ಸಂಚಿಕೆಯಲ್ಲಿ ತಿದ್ದಿದ್ದೇವೆ.