ಮಗನ ವರದಿಯಲ್ಲಿರುವ ‘ಡಿ.ಕ್ಯೂ. 60’ ಎಂದರೇನು?

ಪ್ರಶ್ನೆ: ನನ್ನ ಮಗನಿಗೆ 3 ವರ್ಷ 4 ತಿಂಗಳು. ಮೀನಿನ ಗಾಡಿಯ ಹಾರ್ನ್ ಕೇಳಿದರೆ ಅಂಗಳಕ್ಕೆ ಓಡುತ್ತಾನೆ. ಆದರೆ ಹಿಂದಿನಿಂದ ಹೆಸರು ಹಿಡಿದು ಕರೆದರೆ ಹಲವು ಸಲ ತಿರುಗಿ ನೋಡುವುದಿಲ್ಲ. ನಡೆಯಲು ಕಲಿತದ್ದು ತಡವಾಗಿ, ಎರಡು ಪದ ಕೂಡಿಸಿ ಇನ್ನೂ ಮಾತಾಡುವುದಿಲ್ಲ. ವರದಿಯಲ್ಲಿ ‘ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ, ಡಿ.ಕ್ಯೂ. 60, ಆರ್/ಒ ಐ.ಡಿ.’ ಎಂದಿದೆ. ನೆಂಟರು ಬುದ್ಧಿಮಾಂದ್ಯ ಎನ್ನುತ್ತಾರೆ. ಮನೆಯಲ್ಲಿ ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ ಇರುವುದರಿಂದ ಹೀಗಾಯಿತೇ?
– ಓದುಗರು, ಕಾರವಾರ ತಾಲ್ಲೂಕು

ಉತ್ತರ: ತಮ್ಮ ಮನೆಯವರ ನಿದ್ದೆಗೆಡಿಸಿರುವುದು ವರದಿಯ ಕೊನೆಯ ಅಕ್ಷರಗಳೇ ಇರಬೇಕು. ‘ಐ.ಡಿ.’ ಎಂದರೆ ಬೌದ್ಧಿಕ ಅಂಗವೈಕಲ್ಯ. ಅದರ ಹಿಂದಿನ ‘ಆರ್/ಒ’ ಎಂಬುದು, ಅದು ಇದೆಯೋ ಇಲ್ಲವೋ ಎಂದು ಇನ್ನೂ ಪರೀಕ್ಷಿಸಿ ತಿಳಿಯಬೇಕಾಗಿದೆ ಎಂಬುದಕ್ಕೆ ವೈದ್ಯರು ಬರೆದಿಡುವ ಗುರುತು. ಹಾಗಾಗಿ ನೆಂಟರು ಹೇಳುತ್ತಿರುವುದನ್ನು ವೈದ್ಯರು ಹೇಳಿಲ್ಲ.

ನಡಿಗೆ, ಕೈಬೆರಳುಗಳ ಬಳಕೆ, ಮಾತು, ತಿಳಿವಳಿಕೆ, ಇತರರೊಡನೆ ಬೆರೆಯುವುದು, ಇವುಗಳಲ್ಲಿ ಕನಿಷ್ಠ ಎರಡರಲ್ಲಿ ಮಗು ತನ್ನ ವಯಸ್ಸಿಗಿಂತ ಸಾಕಷ್ಟು ಹಿಂದಿದ್ದರೆ ಅದನ್ನು ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ ಎನ್ನುತ್ತಾರೆ. 5 ವರ್ಷದೊಳಗೆ ಬುದ್ಧಿಪರೀಕ್ಷೆಯ ಅಂಕಿಯನ್ನು ನೆಚ್ಚಿಕೊಳ್ಳಲಾಗದು. ಅದಕ್ಕಾಗಿಯೇ ಈ ಹೆಸರನ್ನು ಆ ವಯಸ್ಸಿನವರೆಗೆ ಮಾತ್ರ ಬಳಸುತ್ತಾರೆ. ಡಿ.ಕ್ಯೂ. (ಡೆವಲಪ್‌ಮೆಂಟಲ್ ಕೋಶಂಟ್) ಎಂದರೆ ಬೆಳವಣಿಗೆಯ ಸೂಚ್ಯಂಕ; ಅದು ಕೂಡ ಬುದ್ಧಿಸೂಚ್ಯಂಕವಲ್ಲ. ತಮ್ಮ ಮಗನಿಗೆ 40 ತಿಂಗಳು. ಅವನ ಕೌಶಲಗಳು ಸರಾಸರಿ 24 ತಿಂಗಳ ಮಗುವಿನಷ್ಟಿದ್ದರೆ, 24ನ್ನು 40ರಿಂದ ಭಾಗಿಸಿ 100ರಿಂದ ಗುಣಿಸಿದಾಗ ಲೆಕ್ಕ 60 ಬರುತ್ತದೆ. ಮಾತೊಂದೇ ಬಹಳ ಹಿಂದುಳಿದಿದ್ದರೂ ಸರಾಸರಿ ಇಳಿಯುವುದರಿಂದ, ಯಾವ ಕೌಶಲಕ್ಕೆ ಎಷ್ಟು ಬಂದಿದೆ ಎಂಬ ವಿವರವನ್ನು ಕೇಳಿ ಪಡೆಯಿರಿ.

ಬೌದ್ಧಿಕ ಅಂಗವೈಕಲ್ಯ ಎನ್ನಲು ಕಲಿಕೆ ಮತ್ತು ವಿವೇಚನೆಯಲ್ಲಿ ಗಣನೀಯ ಮಿತಿ ಇರಬೇಕು. ಜೊತೆಗೆ ಉಣ್ಣುವುದು, ಉಡುವುದು, ಸಂವಹನದಂಥ ದಿನನಿತ್ಯದ ನಿಭಾವಣೆಯಲ್ಲೂ ಕೊರತೆ ಕಾಣಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಖ್ಯೆಯೂ ಎರಡನ್ನೂ ಕೇಳುತ್ತದೆ. ಆಟಿಸಂ (ಇತರರೊಡನೆ ಬೆರೆಯುವುದು, ಸಂವಹನ ಕಷ್ಟವಾಗುವ ಸ್ಥಿತಿ) ಮತ್ತು ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಕಷ್ಟವಾಗುವ ಸ್ಥಿತಿ) ಬೇರೆಯೇ ಸ್ಥಿತಿಗಳು. ಅವುಗಳ ಜೊತೆಗೆ ಬೌದ್ಧಿಕ ತೊಂದರೆ ಇರಬಹುದು, ಇಲ್ಲದೆಯೂ ಇರಬಹುದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ತಾವು ಬರೆದಿರುವ ಹಾರ್ನಿನ ಸಂಗತಿ. ಜೋರು ಶಬ್ದಕ್ಕೆ ಓಗೊಡುವ ಮಗುವಿಗೆ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದೇ ಇರಬಹುದು. ದಯವಿಟ್ಟು ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮಗು ಸಹಕರಿಸದಿದ್ದರೆ ಶಬ್ದಕ್ಕೆ ಶ್ರವಣ ನರ ಮತ್ತು ಮಿದುಳು ಸ್ಪಂದಿಸುವುದನ್ನು ಅಳೆಯುವ ‘ಬೇರಾ’ (BERA) ಪರೀಕ್ಷೆಯನ್ನು ನಿದ್ದೆಯಲ್ಲೇ ಮಾಡಬಹುದು. ಹೆಸರಿಗೆ ತಿರುಗದಿರುವುದು ಆಟಿಸಂನ ಲಕ್ಷಣವೂ ಆಗಬಹುದಾದ್ದರಿಂದ ಅದನ್ನೂ ನೋಡಿಸಬೇಕು. ಥೈರಾಯ್ಡ್ ಕೊರತೆಯಿಂದಲೂ ಬೆಳವಣಿಗೆ ತಡವಾಗಬಹುದು; ಅದಕ್ಕೆ ಔಷಧವಿದೆ, ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ.

ಎರಡು ಭಾಷೆಗಳಿಂದ ಬೆಳವಣಿಗೆ ಕುಂಠಿತವಾಗುವುದಿಲ್ಲ. ಕೊಂಕಣಿ ಬಿಡಬೇಡಿ; ತಾಯಿಗೆ ಸರಾಗವಾಗಿ ಬರುವ ಭಾಷೆಯಲ್ಲೇ ಮಗುವಿಗೆ ಹೆಚ್ಚು ಮಾತು ಸಿಗುತ್ತದೆ.

ಅಂತಿಮ ಹೆಸರಿಗಾಗಿ ಕಾಯದೆ ಸ್ಪೀಚ್ ಥೆರಪಿ (ಮಾತಿನ ತರಬೇತಿ) ಮತ್ತು ಆಕ್ಯುಪೇಷನಲ್ ಥೆರಪಿಯನ್ನು (ದಿನನಿತ್ಯದ ಕೆಲಸಗಳ ತರಬೇತಿ) ಈಗಲೇ ಆರಂಭಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಅಂಗನವಾಡಿಗೆ ಬರುವ ದಿನವನ್ನು ಕಾರ್ಯಕರ್ತೆಯವರಲ್ಲಿ ವಿಚಾರಿಸಿ, ವರದಿಯನ್ನು ಅವರಿಗೆ ತೋರಿಸಿ. ಹೆಚ್ಚಿನ ತಪಾಸಣೆ ಬೇಕಾದರೆ ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 5 ವರ್ಷ ತುಂಬಿದ ಮೇಲೆ ಮರುಮೌಲ್ಯಮಾಪನ ತಪ್ಪಿಸಬೇಡಿ. ಈಗಿನ ವರದಿಯನ್ನೂ ಥೆರಪಿಯ ದಾಖಲೆಗಳನ್ನೂ ಒಂದೇ ಫೈಲಿನಲ್ಲಿಟ್ಟರೆ, ಮಗ ಎಷ್ಟು ಮುಂದೆ ಬಂದಿದ್ದಾನೆ ಎಂಬುದು ಅಂದು ನೋಡುವ ವೈದ್ಯರಿಗೆ ತಿಳಿಯುತ್ತದೆ.