ಸಿಗಾರ್ ಬಾಕ್ಸ್ ಬಾಸ್ ಮಾಡುವುದಾದರೆ ಪೆಟ್ಟಿಗೆಗಿಂತ ಮೊದಲು ಪಕ್ಕಾಸು ಹುಡುಕಿ

ನೀವು ಕೇಳಿದ್ದು ಮೂರು ವಿಷಯ. ಕಾಸರಗೋಡಿನ ಬದಿಯಡ್ಕ ಕಡೆ ಸಿಗಾರ್ ಪೆಟ್ಟಿಗೆ ಎಲ್ಲಿ ಸಿಗುತ್ತದೆ? ಮರಗೆಲಸ ಗೊತ್ತಿಲ್ಲದವರು ಆ ಪೆಟ್ಟಿಗೆಯಿಂದ ಬಾಸ್ ಗಿಟಾರ್, ಅಂದರೆ ತಗ್ಗಿನ ದನಿಯ ಗಿಟಾರ್, ಮಾಡಬಹುದಾ? ಮಾಡಿದರೆ ಭಜನಾ ಮಂದಿರದ ಮೈಕ್ ಸೆಟ್ಟಿಗೆ ಸಿಕ್ಕಿಸಬಹುದಾ? ನಾನಿರುವುದು ಪೆರ್ಲದ ಹತ್ತಿರ. ಮನೆಯಲ್ಲೇ ಮಾಡಿದ ಎರಡು ತಂತಿಯ ಬಾಸ್ ಒಂದು ನನ್ನಲ್ಲಿದೆ.

ಪೆಟ್ಟಿಗೆ ಸಿಗುವುದಿಲ್ಲ, ಹುಡುಕಬೇಡಿ. ನಮ್ಮದು ಬೀಡಿ ಕಟ್ಟುವ ಊರು, ಬೀಡಿ ಬರುವುದು ಕಾಗದದ ಕಟ್ಟಿನಲ್ಲಿ. 19ನೇ ಶತಮಾನದ ಅಮೆರಿಕದಲ್ಲಿ ಸಿಗಾರ್ ಸಣ್ಣ ಮರದ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ವಾದ್ಯ ಕೊಳ್ಳಲು ಕಾಸಿಲ್ಲದವರು ಖಾಲಿ ಪೆಟ್ಟಿಗೆಗೆ ಕೋಲು ಸಿಕ್ಕಿಸಿ ತಂತಿ ಕಟ್ಟಿದರು, ಅಷ್ಟೇ. ನಮ್ಮಲ್ಲಿ ಗಲ್ಫಿನಿಂದ ಬಂದ ಖರ್ಜೂರದ್ದೋ ಅತ್ತರಿನದ್ದೋ ಮರದ ಪೆಟ್ಟಿಗೆ ಯಾರದಾದರೂ ಅಟ್ಟದಲ್ಲಿ ಬಿದ್ದಿರುತ್ತದೆ. ಅದೂ ಇಲ್ಲವೆಂದರೆ 4 ಮಿ.ಮೀ. ಪ್ಲೈವುಡ್ ತಂದು ಫೆವಿಕಾಲ್ ಹಚ್ಚಿ ಒಂದಡಿ ಉದ್ದ, ಮುಕ್ಕಾಲಡಿ ಅಗಲದ ಪೆಟ್ಟಿಗೆ ಮಾಡಿಕೊಳ್ಳಿ. ಮುಚ್ಚಳ ಮಾತ್ರ ಅಂಟಿಸಬೇಡಿ, ಸ್ಕ್ರೂ ಹಾಕಿ. ಒಳಗಿನ ವಯರ್ ಬಿಟ್ಟುಹೋದರೆ ತೆಗೆಯಬೇಕಾಗುತ್ತದೆ.

ಈಗ ಮುಖ್ಯ ವಿಷಯ, ಅಂದರೆ ಕೋಲು. ತಂತಿಯ ಎಳೆತವನ್ನೆಲ್ಲ ತಡೆಯುವುದು ಅದೇ. ಹಳೇ ಹಂಚಿನ ಮನೆ ಕೆಡವುವವರ ಹತ್ತಿರ ಒಂದು ಪಕ್ಕಾಸು, ಅಂದರೆ ಮಾಡಿನ ಹಂಚು ಹೊರುವ ಉದ್ದನೆಯ ಮರ, ಕೇಳಿ. ಹಲಸು, ಹೆಬ್ಬಲಸು, ತೇಗ ಯಾವುದಾದರೂ ಆದೀತು. ವರ್ಷಗಟ್ಟಲೆ ಮಾಡಿನಡಿ ಒಣಗಿದ ಮರ ನಮ್ಮ ಮಳೆಗಾಲದಲ್ಲೂ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಹೊಸದಾಗಿ ಕೊಯ್ದ ಮರ ಜೂನ್ ಬಂದ ಕೂಡಲೇ ತಿರುಚಿಕೊಳ್ಳುತ್ತದೆ. ತೆಂಗು, ಅಡಿಕೆಯ ಪಕ್ಕಾಸು ಬೇಡ, ತೂತು ಕೊರೆಯುವಾಗ ನಾರು ಸೀಳುತ್ತದೆ. ಗಂಟಿಲ್ಲದ ಭಾಗ ನೋಡಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ದಿಟ್ಟಿಸಿ, ನೇರ ಇದ್ದರೆ ತಗೊಳ್ಳಿ. ಒಂದು ಮೀಟರ್ ಉದ್ದ, ಒಂದೂವರೆ ಇಂಚು ಅಗಲ, ಒಂದು ಇಂಚು ದಪ್ಪಕ್ಕೆ ಮಿಲ್ಲಿನಲ್ಲಿ ಸೀಳಿಸಿ. ಕೀಸುವ ಕೆಲಸ ಆಚಾರಿಯವರಿಗೇ ಬಿಡಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಕೋಲು ಪೆಟ್ಟಿಗೆಯ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಲ್ಲಿ ಹೊರಬರಬೇಕು. ತಂತಿಯ ಎರಡೂ ತುದಿ ಕೋಲಿಗೇ ಕಟ್ಟಬೇಕು. ಆಗ ಮುಚ್ಚಳಕ್ಕೆ ಬೀಳುವುದು ಸೇತುವೆ ಒತ್ತುವ ಭಾರ ಮಾತ್ರ. ತಂತಿ ಕೂರುವ ಆ ಮರದ ತುಂಡಿಗೆ ನಾನು ಸೇತುವೆ ಅನ್ನುತ್ತೇನೆ. ಕೋಲಿನ ಮೇಲ್ಮೈ ಮುಚ್ಚಳದ ಮಟ್ಟಕ್ಕೆ ಬರಲಿ. ಪೆಟ್ಟಿಗೆಯ ಒಳಗಿರುವ ಭಾಗವನ್ನು ಮಾತ್ರ ಮುಚ್ಚಳದ ದಪ್ಪಕ್ಕಿಂತ 3 ಮಿ.ಮೀ. ಜಾಸ್ತಿ ಕೆತ್ತಿ ತಗ್ಗಿಸಿ. ಕೋಲು ಮುಚ್ಚಳಕ್ಕೆ ತಾಗಿದರೆ ಮುಚ್ಚಳ ಅದುರುವುದಿಲ್ಲ.

ಅಂಗಡಿಯ ಬಾಸ್ ಗಿಟಾರಿನಲ್ಲಿ ತಂತಿಯ ಅದುರುವ ಉದ್ದ, ಅಂದರೆ ಮೇಲೆ ತಂತಿ ಕೂರುವ ಪಟ್ಟಿಯಿಂದ ಸೇತುವೆಯವರೆಗೆ, ಸಾಮಾನ್ಯವಾಗಿ 34 ಇಂಚು. ನಮಗೆ 30 ಸಾಕು, ಅಂದರೆ 76.2 ಸೆಂ.ಮೀ. ಫ್ರೆಟ್, ಅಂದರೆ ಸ್ವರದ ಜಾಗ ತೋರಿಸುವ ಅಡ್ಡ ತಂತಿ, ಹಾಕುವ ಗೋಜಿಗೆ ಹೋಗಬೇಡಿ. ಪೆನ್ಸಿಲಿನಲ್ಲಿ ಗೆರೆ ಎಳೆದರೆ ಆಯಿತು. ಮೇಲಿನ ಆ ಪಟ್ಟಿಯಿಂದ 8.3, 12.1, 19.1, 25.3, 38.1 ಸೆಂ.ಮೀ. ಇವು ಕ್ರಮವಾಗಿ 2, 3, 5, 7, 12ನೇ ಮನೆಗಳು, ಅಂದರೆ ಬೆರಳಿಡುವ ಜಾಗಗಳು. ಉಳಿದವು ಬೇಕಿದ್ದರೆ ಬಾಕಿ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿ, ಬಂದಷ್ಟು ಮುಂದೆ ಹೋಗಿ.

ತಂತಿಗೆ ಮೊದಲ ಸಲ ಸ್ಟೀಲ್ ಕೊಳ್ಳಬೇಡಿ ಅನ್ನುವವನು ನಾನು. ತೋಟದಲ್ಲಿ ಹುಲ್ಲು ಹೊಡೆಯುವ ಮೆಷಿನ್ನಿಗೆ ಹಾಕುವ ನೈಲಾನ್ ದಾರ ಇದೆಯಲ್ಲ, ಅದೇ ಸಾಕು. ಚೌಕ ಅಥವಾ ನಕ್ಷತ್ರದ ಆಕಾರದ್ದು ಬೇಡ, ದುಂಡಗಿನದ್ದೇ ಆಗಬೇಕು. 3 ಮಿ.ಮೀ. ದಾರವನ್ನು ಎ ಸ್ವರಕ್ಕೂ 2.4 ಮಿ.ಮೀ. ದಾರವನ್ನು ಡಿ ಸ್ವರಕ್ಕೂ ಬಿಗಿದರೆ ಎರಡೂ ಸೇರಿ ಎಳೆತ ಸುಮಾರು 12 ಕೆ.ಜಿ. ಸ್ಟೀಲ್ ಆದರೆ ಅದರ ಎರಡರಷ್ಟಕ್ಕಿಂತಲೂ ಹೆಚ್ಚಾಗುತ್ತದೆ. ಎಳೆತ ಕಡಿಮೆ ಇದ್ದರೆ ಕೋಲೂ ಬಾಗದು, ಬೆರಳೂ ನೋಯದು. ದನಿ ಧುಮ್ ಧುಮ್ ಎಂದು ಸ್ವಲ್ಪ ಮೊಂಡಾಗಿರುತ್ತದೆ, ಭಜನೆಗೆ ನನಗೆ ಅದೇ ಇಷ್ಟ. ಶುರುವಿನ ಕೆಲವು ದಿನ ನೈಲಾನ್ ಹಿಗ್ಗುತ್ತಲೇ ಇರುತ್ತದೆ, ಮತ್ತೆ ಮತ್ತೆ ಶ್ರುತಿ ಮಾಡಿ. ತಂತಿ ಬಿಗಿಯುವ ಕೀಗಳನ್ನು ಮಾತ್ರ ಬಾಸ್ ಗಿಟಾರಿನದ್ದೇ ತರಿಸಿ. ಸಾಮಾನ್ಯ ಗಿಟಾರ್ ಕೀಯ ತೂತಿನಲ್ಲಿ ಇಷ್ಟು ದಪ್ಪದ ದಾರ ಹೋಗುವುದಿಲ್ಲ. ಬಾಸ್ ಕೀಯಲ್ಲೂ ಬಿಗಿಯಾದರೆ ದಾರದ ತುದಿಯನ್ನು ಚೂರಿಯಿಂದ ಕೆರೆದು ಸಪೂರ ಮಾಡಿ.

ಇನ್ನು ಮೈಕ್ ಸೆಟ್ಟು. ಇಷ್ಟು ಸಣ್ಣ ಪೆಟ್ಟಿಗೆ ತಾನಾಗಿ ಬಾಸ್ ಕೊಡುವುದಿಲ್ಲ. ಎ ತಂತಿ ಅದುರುವುದು ಸೆಕೆಂಡಿಗೆ 55 ಸಲ, ಅಷ್ಟು ತಗ್ಗಿನ ದನಿಯನ್ನು ಹೊರಹಾಕುವಷ್ಟು ಗಾಳಿ ಅದರೊಳಗಿಲ್ಲ. ಹಾಗಾಗಿ ಪಿಕಪ್, ಅಂದರೆ ಅದುರುವಿಕೆಯನ್ನು ವಿದ್ಯುತ್ತಾಗಿ ಬದಲಿಸುವ ಸಾಧನ, ಬೇಕೇ ಬೇಕು. ನೈಲಾನ್ ಆದ್ದರಿಂದ ಅಯಸ್ಕಾಂತದ ಪಿಕಪ್ ಕೆಲಸ ಮಾಡುವುದಿಲ್ಲ, ಅದುರಿದರೆ ವಿದ್ಯುತ್ ಕೊಡುವ 27 ಮಿ.ಮೀ.ಯ ಪೀಜೋ ಡಿಸ್ಕ್ ಎಂಬ ಬಿಲ್ಲೆ ತಗೊಳ್ಳಿ. ಸೇತುವೆಯ ಹತ್ತಿರ ಮುಚ್ಚಳದ ಕೆಳಗೆ ಅಂಟಿಸಿ. ನಡುವಿನ ಬಿಳಿ ಭಾಗದ ವಯರನ್ನು ಜಾಕಿನ (ಕೇಬಲ್ ಸಿಕ್ಕಿಸುವ ತೂತಿನ) ತುದಿಗೂ ಹಿತ್ತಾಳೆಯ ಅಂಚಿನದ್ದನ್ನು ಇನ್ನೊಂದು ಕಾಲಿಗೂ ಬೆಸೆಯಬೇಕು. ಟಿವಿ ರಿಪೇರಿ ಅಂಗಡಿಯಲ್ಲಿ ಮಾಡಿಕೊಡುತ್ತಾರೆ.

ಎಷ್ಟೋ ಜನ ಇದನ್ನು ಮಿಕ್ಸರಿನ ಮೈಕ್ ತೂತಿಗೆ ಸಿಕ್ಕಿಸಿ, ‘ಬಾಸೇ ಬರ್ತಿಲ್ಲ, ಪೆಟ್ಟಿಗೆ ಸರಿಯಿಲ್ಲ’ ಅನ್ನುತ್ತಾರೆ. ಪೆಟ್ಟಿಗೆಯ ತಪ್ಪಲ್ಲ ಅದು. ಪೀಜೋ ಡಿಸ್ಕ್ ಒಂದು ಕೆಪಾಸಿಟರ್ ಇದ್ದಂತೆ, ಸುಮಾರು 20 ನ್ಯಾನೋಫ್ಯಾರಡ್. ಅದನ್ನು ಸಿಕ್ಕಿಸಿದ ತೂತಿನ ವಿದ್ಯುತ್ ತಡೆ (ಇಂಪೀಡೆನ್ಸ್) 10 ಕಿಲೋ ಓಮ್ ಇದ್ದರೆ 800 ಹರ್ಟ್ಸ್‌ಗಿಂತ ಕೆಳಗಿನದ್ದೆಲ್ಲ ಸೋರಿಹೋಗುತ್ತದೆ. ಮೈಕಿನ ತೂತಿನಲ್ಲಿ ತಡೆ ಅದಕ್ಕಿಂತಲೂ ಕಡಿಮೆ ಇರುತ್ತದೆ. ಗಿಟಾರ್ ಆಂಪ್‌ನಲ್ಲಿ ಸಾಮಾನ್ಯವಾಗಿ 1 ಮೆಗಾ ಓಮ್ ಇರುವುದರಿಂದ 8 ಹರ್ಟ್ಸ್‌ವರೆಗೂ ನಷ್ಟವಿಲ್ಲ. ಮಂದಿರದ ಮಿಕ್ಸರಿನಲ್ಲಿ ಹೈ-ಝೆಡ್ (ಹೆಚ್ಚು ತಡೆ) ಎಂದು ಬರೆದ ಗುಂಡಿ ಇದೆಯಾ ನೋಡಿ. ಇಲ್ಲದಿದ್ದರೆ ನಡುವೆ ಒಂದು ಆ್ಯಕ್ಟಿವ್ ಡಿಐ ಬಾಕ್ಸ್, ಅಂದರೆ ವಾದ್ಯವನ್ನು ಮೈಕ್ ತೂತಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ, ಹಾಕಿ.

ಸ್ಪೀಕರಿನ ಹತ್ತಿರ ಕೂತರೆ ಮುಚ್ಚಳ ಅದುರಿ ಕೂಗುವ ಸಾಧ್ಯತೆ ಇದೆ. ಆಗ ಪೆಟ್ಟಿಗೆಯೊಳಗೆ ಒಂದು ಹಳೇ ಬೈರಾಸು (ಟವೆಲ್) ತುರುಕಿ. ದನಿ ಬರುವುದು ಪೀಜೋದಿಂದ ತಾನೇ, ಅದರಿಂದ ಬಾಸ್ ಕಡಿಮೆಯಾಗುವುದಿಲ್ಲ.